ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಅಮ್ಮನ ಫ್ಲೆಕ್ಸು

ಹೋದ ತಿಂಗಳು ಕುಣಿಗಲ್ಲಿನಲ್ಲಿ ನಮ್ಮವರ ಕಡೆಯ ಒಂದು ಮದುವೆ. ಎರಡನೇ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಉಪ್ಪು, ಕೋಸಂಬರಿ, ಪಲ್ಯ ಎಲ್ಲ ಬಂದು, ಬುಟ್ಟಿ ಹಿಡಿದವನೊಬ್ಬ ಎಲೆಯ ತುದಿಗೆ ಒಂದು ಹಪ್ಪಳ ಇಟ್ಟು ಮುಂದೆ ಹೋದ. ಮದುವೆಮನೆ ಹಪ್ಪಳದ ಮೇಲೆ ನನಗೆ ಯಾವತ್ತೂ ನಂಬಿಕೆಯಿಲ್ಲ. ಮಾತಾಡುತ್ತಾ ಮಾತಾಡುತ್ತಾ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಮೊದಲು ಇಂಗಿನ ವಾಸನೆ, ಅದರ ಹಿಂದೆ ಜಜ್ಜಿದ ಕರಿಮೆಣಸು, ಕೊನೆಗೆ ನಾಲಿಗೆಯ ಬುಡದಲ್ಲಿ ಸಣ್ಣಗೆ ಒಂದು ಒಗರು. ಆ ಒಗರು ನಮ್ಮ ಅಮ್ಮನ ಹಪ್ಪಳಕ್ಕೆ ಬಿಟ್ಟರೆ ಇನ್ನಾವ ಹಪ್ಪಳಕ್ಕೂ ಇಲ್ಲ. ಅಂಗಡಿಯಲ್ಲಿ ಸಿಗುವ ಸೋಡಾದಂಥ ಹಪ್ಪಳಖಾರದ ಬದಲು ಅವಳು ಬಾಳೆದಿಂಡು ಒಣಗಿಸಿ, ಸುಟ್ಟು, ಆ ಬೂದಿಯ ತಿಳಿನೀರು ಹಾಕುತ್ತಿದ್ದಳು.

ಬಡಿಸುವವನನ್ನು ಕರೆದು ಕೇಳಿದೆ. "ಎಲ್ಲಿಂದ ತರ್ಸಿದ್ದಪ್ಪ ಹಪ್ಪಳ?"

"ತುಮಕೂರಿಂದ ಬತ್ತದೆ ಮೇಡಂ. ಸುನಂದಮ್ಮೋರ್ದು. ಈಗ ಈ ಕಡೆ ಎಲ್ಲಾ ಮದ್ವೆಗೂ ಅದೇ. ಇನ್ನೊಂದಾಕ್ಲಾ?"

ಬೇಡ ಅಂದೆ. ಪಕ್ಕದಲ್ಲಿ ನಮ್ಮವರು ತಲೆ ಎತ್ತದೆ ಅನ್ನ ಕಲೆಸುತ್ತಿದ್ದರು. ಅವರ ಹಪ್ಪಳ ಆಗಲೇ ಖಾಲಿಯಾಗಿತ್ತು.

ಸುನಂದ ನಮ್ಮ ಎದುರುಮನೆಯವಳು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಾವು ಮನೆ ಕಟ್ಟಿದ ವರ್ಷವೇ ಅವರೂ ಕಟ್ಟಿದ್ದು. ಒಂದೇ ಲೋಡು ಮರಳನ್ನು ಎರಡು ಮನೆಗೆ ಹಂಚಿಕೊಂಡವರು ನಾವು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬಾಯಿ ತುಂಬ ಅಕ್ಕ ಅನ್ನುತ್ತಿದ್ದಳು. ನನ್ನ ಮಗಳಿಗೆ ಡೆಂಗಿ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಮೂರು ದಿನ ಕೂತವಳು. ಅವಳ ಜೊತೆ ಮಾತು ಬಿಟ್ಟು ಈಗ ಎರಡು ವರ್ಷ. ಎದುರುಬದುರು ಮನೆಯಲ್ಲಿದ್ದುಕೊಂಡು ಮಾತು ಬಿಡುವುದು ಸುಲಭದ ಕೆಲಸ ಅಂದುಕೊಳ್ಳಬೇಡಿ. ರಂಗೋಲಿ ಹಾಕುವ ಹೊತ್ತು ಬದಲಾಯಿಸಬೇಕು, ಹಾಲಿನವನು ಬಂದಾಗ ಕಿಟಕಿಯಿಂದ ನೋಡಿ ಹೊರಗೆ ಹೋಗಬೇಕು, ಕಸದ ಗಾಡಿ ಬಂದರೆ ಬುಟ್ಟಿ ಹಿಡಿದು ಬಾಗಿಲ ಹಿಂದೆ ಕಳ್ಳರ ಹಾಗೆ ಕಾಯಬೇಕು. ಇಷ್ಟೆಲ್ಲ ಕಷ್ಟಪಟ್ಟು ನಾನು ಕೋಪ ಕಾಪಾಡಿಕೊಂಡು ಬಂದಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಳ್ಳಾವಿ ಬಿಟ್ಟು ನಮ್ಮ ಮನೆಗೆ ಬಂದಳು. ಬರುವಾಗ ಒಂದು ಟ್ರಂಕು, ಒಂದು ಹಪ್ಪಳದ ಮಣೆ, ಎರಡು ಲಟ್ಟಣಿಗೆ ತಂದಳು. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದ್ದೇ ತಡ, ನಮ್ಮ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಮುಯ್ಯಾಳು ಶುರುಮಾಡಿದಳು. ಮುಯ್ಯಾಳು ಅಂದರೆ ಹೊಲದ ಕಡೆಯ ಮಾತು. ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲದ ಕಳೆಗೆ ನೀವು. ಅಮ್ಮ ಅದನ್ನು ಮಹಡಿಗೆ ಹತ್ತಿಸಿದಳು. ಸೋಮವಾರ ಒಬ್ಬರ ಮನೆಯ ಹಪ್ಪಳ, ಮಂಗಳವಾರ ಇನ್ನೊಬ್ಬರದು, ಎಂಟೊಂಬತ್ತು ಜನ ಎಲ್ಲ ಮನೆಗೂ ಹೋಗಬೇಕು. ಕೆಲಸಕ್ಕೆ ಬಂದವರಿಗೆ ಮನೆಯವರು ಕಾಫಿ, ತಿಂಡಿ ಕೊಡಬೇಕು, ಅಷ್ಟೇ. ಹೋಗದೆ ತಪ್ಪಿಸಿಕೊಂಡರೆ ಮುಗಿಯಿತು, ಅವರ ಮನೆ ಸರದಿಗೆ ಯಾರೂ ಹೋಗುತ್ತಿರಲಿಲ್ಲ. ಸುನಂದ ಮಾತ್ರ ಹನ್ನೆರಡು ವರ್ಷ ಒಂದು ಸಲವೂ ತಪ್ಪಿಸಿಕೊಂಡವಳಲ್ಲ.

ಹಿಟ್ಟಿನ ಹದ ಅಮ್ಮನ ಕೈಯಲ್ಲೇ. ಉದ್ದಿನ ಹಿಟ್ಟಿಗೆ ಬೂದಿನೀರು ಹಾಕಿ ಗಟ್ಟಿ ಕಲಸಿ, ಒರಳಿಗೆ ಹಾಕಿ ಕುಟ್ಟಿಸುವಳು. ಕುಟ್ಟುವವರಿಗೆ ಸುಸ್ತಾಗಿ ಸಾಕು ಅಂದರೆ, ಚೂರು ಹಿಟ್ಟು ಎಳೆದು ನೋಡಿ, "ಇನ್ನೂ ಮುನಿಸ್ಕೊಂಡೈತೆ, ಕುಟ್ರಿ" ಅನ್ನುವಳು. ಆಮೇಲೆ ಹಗ್ಗದ ಹಾಗೆ ಹೊಸೆದು, ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯಿಂದ ಸರಸರ ಉಂಡೆ ಕತ್ತರಿಸುವಳು. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಿಟ್ಟಿಗೆ ಕ್ಷಾರ ಯಾಕೆ ಬೇಕು ಅಂತ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ, ಹದ ಮಾತ್ರ ಒಂದು ದಿನವೂ ಕಲಿಯಲಿಲ್ಲ. ಭಾನುವಾರ ಮೇಲೆ ಹೋಗಿ ಎಣ್ಣೆಯಲ್ಲಿ ಅದ್ದಿದ ಹಸಿ ಉಂಡೆ ಎರಡು ನುಂಗಿ, ಪೇಪರು ತಿದ್ದಬೇಕು ಅಂತ ಕೆಳಗಿಳಿದು ಬರುತ್ತಿದ್ದೆ.

ಮೂರು ವರ್ಷದ ಹಿಂದೆ ಅಮ್ಮ ಮಹಡಿ ಮೆಟ್ಟಿಲಲ್ಲಿ ಜಾರಿದಳು. ಕೈಯಲ್ಲಿ ಮಣೆ, ಕಂಕುಳಲ್ಲಿ ಹಳೇ ಪಂಚೆ. ಮೂಳೆ ಮುರಿಯಲಿಲ್ಲ, ಮೊಣಕಾಲು ಊದಿತು, ಅಷ್ಟೇ. ನಾನು ಮಾತ್ರ ಆವತ್ತೇ ತೀರ್ಮಾನ ಕೊಟ್ಟೆ. ಇನ್ನು ಈ ಮನೆಯಲ್ಲಿ ಹಪ್ಪಳ ಬೇಡ. ಎಪ್ಪತ್ತೈದು ದಾಟಿದವಳು ಕಾಲು ಮುರಿದುಕೊಂಡು ಮಲಗಿದರೆ ನೋಡುವವರು ಯಾರು, ನಾನು ತಾನೇ? ಮಣೆ, ಲಟ್ಟಣಿಗೆ ಎಲ್ಲ ತೆಗೆದುಕೊಂಡು ಹೋಗಿ ಸುನಂದನ ಮನೆಗೆ ಕೊಟ್ಟು ಬಂದೆ. ಅಮ್ಮ ಜಗಳ ಆಡಲಿಲ್ಲ. "ಆಯ್ತು ಬುಡು" ಅಂದಳು. ಅವಳು ಇಲ್ಲದೆ ಬೀದಿಯ ಮುಯ್ಯಾಳೂ ಆ ವರ್ಷಕ್ಕೆ ನಿಂತುಹೋಯಿತು. ಮಹಡಿಯ ಮೇಲೆ ನಾವು ಸೋಲಾರ್ ಹಾಕಿಸಿದೆವು.

ಮುಂದಿನ ಸಂಕ್ರಾಂತಿ ಕಳೆದು ಒಂದು ಭಾನುವಾರ ಸುನಂದ ಗೇಟಿನ ಹತ್ತಿರ ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ. ಸೆರಗಿನ ಚುಂಗು ಬೆರಳಿಗೆ ಸುತ್ತುತ್ತಾ ಹೇಳಿದಳು.

"ಅಕ್ಕ, ಇಲ್ಲೇ ಸತ್ಯಮಂಗಲದಲ್ಲಿ ಒಂದು ಶೆಡ್ ನೋಡಿದೀನಿ. ಹಪ್ಪಳ ಮಾಡಣ ಅಂತ. ಒತ್ತೋಕೆ ಮಿಷಿನ್ ಬರುತ್ತೆ, ನಮ್ ಬೀದಿಯೋರೆಲ್ಲ ಬರ್ತೀವಿ ಅಂದವ್ರೆ. ಆದ್ರೆ ಹದ ಗೊತ್ತಿರೋರು ಬೇಕಲ್ಲ. ಅಮ್ಮ ಬಂದು ಕುರ್ಚಿ ಮೇಲೆ ಕೂತು ಬಾಯಲ್ಲಿ ಹೇಳಿದ್ರೆ ಸಾಕು. ನಾನೇ ಕರ್ಕೊಂಡೋಗಿ ಕರ್ಕೊಂಡ್ ಬರ್ತೀನಿ."

"ನಮ್ಮಮ್ಮ ಈ ವಯಸ್ಸಲ್ಲಿ ಕೂಲಿಗೆ ಬರ್ಬೇಕಾ?" ಅಂದೆ.

"ಅಯ್ಯೋ, ಕೂಲಿ ಅಂದೋರ್ಯಾರಕ್ಕ?"

"ಇನ್ನೇನಂತಾರೆ ಅದಕ್ಕೆ? ಶೆಡ್ಡಲ್ಲಿ ಕೂರ್ಸಿ ಕೆಲ್ಸ ಮಾಡ್ಸಿದ್ರೆ ಕೂಲಿ ಅಲ್ದೆ ಪಟ್ಟಾಭಿಷೇಕನಾ? ಬೇಡ ಸುನಂದ, ಈ ಮಾತು ಇಲ್ಲಿಗೇ ಬಿಡು."

ಅವಳು ಬಿಟ್ಟಳು. ನಾನು ತಿರುಗಿದರೆ ಬಾಗಿಲ ಹಿಂದೆ ಅಮ್ಮ ಎರಡು ಲೋಟ ಕಾಫಿ ಹಿಡಿದು ನಿಂತಿದ್ದಳು. ಒಂದನ್ನು ನನ್ನ ಕೈಗೆ ಕೊಟ್ಟು, ಸುನಂದನಿಗೆ ತಂದಿದ್ದನ್ನು ತಾನೇ ಕುಡಿದಳು.

ಆ ವರ್ಷ ನಮ್ಮ ಸ್ಕೂಲಿನಲ್ಲಿ ರಿಸಲ್ಟಿನ ಹುಚ್ಚು. ಹಿಂದಿನ ಸಲ ವಿಜ್ಞಾನದಲ್ಲಿ ಹುಡುಗರು ಹೆಚ್ಚು ಫೇಲಾಗಿದ್ದರು, ಹೆಡ್‌ಮಾಸ್ಟರು ನನ್ನನ್ನು ಕಂಡಾಗಲೆಲ್ಲ ಅದನ್ನೇ ನೆನಪಿಸುತ್ತಿದ್ದರು. ಹತ್ತನೇ ಕ್ಲಾಸಿಗೆ ಬೆಳಗ್ಗೆ ಒಂದು ಸ್ಪೆಷಲ್ ಕ್ಲಾಸು, ಸಂಜೆ ಒಂದು. ಏಳೂವರೆಗೆ ನಾನು ಗುಬ್ಬಿ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆ ಆರೂವರೆಗೆ. ಬಂದು ಕಾಲು ಚಾಚಿದರೆ ಸಾಕು ಅನ್ನಿಸುತ್ತಿತ್ತು. ಫೆಬ್ರವರಿ ಮೊದಲ ವಾರ ಅಮ್ಮ ಹೇಳಿದಳು, "ನಮ್ ಲೇಔಟ್ ಹಿಂದ್ಗಡೆ ಮಠ ಐತಲ್ಲ, ಅಲ್ಲಿ ಬೆಳಗ್ಗೆ ಹೊತ್ತು ವಚನ ಹೇಳ್ಕೊಡ್ತಾರಂತೆ. ಓಗಿ ಬತ್ತೀನಿ ದಿನಾ." ನನಗೆ ಸಂತೋಷವೇ ಆಯಿತು. ಮನೆಯಲ್ಲಿ ಒಬ್ಬಳೇ ಧಾರಾವಾಹಿ ನೋಡಿಕೊಂಡು ಕೂರುವ ಬದಲು ನಾಲ್ಕು ಜನರ ನಡುವೆ ಇರಲಿ. ಹೊಸ ವಿಭೂತಿ ಗಟ್ಟಿ, ಒಂದು ಬಟ್ಟೆ ಚೀಲ ತಂದುಕೊಟ್ಟೆ.

ಅಮ್ಮ ಗೆಲುವಾದಳು. ಮೊಣಕಾಲಿಗೆ ಎಣ್ಣೆ ಹಚ್ಚು ಅನ್ನುವುದು ಕಮ್ಮಿಯಾಯಿತು, ರಾತ್ರಿ ಒಂದು ಮುದ್ದೆ ಹೆಚ್ಚಿಗೆ ತಿನ್ನತೊಡಗಿದಳು. ಇವತ್ತು ಯಾವ ವಚನ ಹೇಳಿಕೊಟ್ಟರಮ್ಮ ಅಂದರೆ, ನನಗೆ ಮೂರು ವರ್ಷವಿದ್ದಾಗಿಂದ ಅವಳು ಹೇಳುತ್ತಿದ್ದ ವಚನವನ್ನೇ ಹೊಸದಾಗಿ ಕಲಿತವಳ ಹಾಗೆ ಒಪ್ಪಿಸುವಳು. ಒಂದು ದಿನ ಅವಳ ಕೈಯಿಂದ ಘಮ್ಮಂತ ಇಂಗಿನ ವಾಸನೆ ಬಂತು. ಇದೇನಮ್ಮ ಅಂದೆ. "ದಾಸೋಹದ ಸಾರಿಗೆ ಒಗ್ಗರಣೆ ಆಕ್ಕೊಡಿ ಅಂದ್ರು, ಆಕ್ದೆ" ಅಂದಳು, ರೆಪ್ಪೆ ಮಿಟುಕಿಸದೆ. ಲಿಟ್ಮಸ್ ಕಾಗದ ಹಿಡಿದು ಊರ ಮಕ್ಕಳಿಗೆಲ್ಲ ಪರೀಕ್ಷೆ ಮಾಡಿ ನೋಡಿ, ನೋಡದೆ ನಂಬಬೇಡಿ ಅಂತ ಪಾಠ ಹೇಳುವವಳು ನಾನು. ನಂಬಿದೆ.

ಮಾರ್ಚ್ ಕೊನೆ, ಪರೀಕ್ಷೆ ನಡೆಯುತ್ತಿದ್ದ ವಾರ. ಬೆಳಗ್ಗೆ ಸ್ಟಾಫ್‌ರೂಮಿಗೆ ಕಾಲಿಟ್ಟಿದ್ದೇ, ಗಣಿತದ ಭಾಗ್ಯ ಮೇಡಂ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ಒಂದ್ ಮಾತು ಹೇಳ್ಬಾರ್ದಿತ್ತಾ ಪುಷ್ಪಾ ಮೇಡಂ? ಅಮ್ಮ ಹೋಗಿದ್ದು ಯಾವಾಗ?"

"ಎಲ್ಲಿಗೆ?" ಅಂದೆ.

ಅವರು ನನ್ನನ್ನು ಕರುಣೆಯಿಂದ ನೋಡಿದರು. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. "ಬಸ್‌ಸ್ಟ್ಯಾಂಡ್ ಹತ್ರ ಫ್ಲೆಕ್ಸ್ ಹಾಕಿದಾರಲ್ಲ. ನಿನ್ನೆ ಸಂಜೆ ಬಸ್ಸಿಂದ ನೋಡ್ದೆ. ನಿಮ್ಮನೆ ಗೃಹಪ್ರವೇಶದಲ್ಲಿ ನೋಡಿದ್ನಲ್ಲ, ಗುರುತು ಸಿಕ್ತು. ಅಂಥಾದ್ರಲ್ಲಿ ಇವತ್ತು ಡ್ಯೂಟಿಗೆ ಯಾಕೆ ಬಂದ್ರಿ?"

ಆವತ್ತು ಬೆಳಗ್ಗೆ ಏಳು ಗಂಟೆಗೆ ಅಮ್ಮನೇ ಡಬ್ಬಿಗೆ ಚಿತ್ರಾನ್ನ ಹಾಕಿ ನನ್ನ ಬ್ಯಾಗಿನಲ್ಲಿಟ್ಟಿದ್ದಳು. ಆದರೂ ಫೋನು ಮಾಡಿದೆ, ಅಮ್ಮ ಎತ್ತಲಿಲ್ಲ. ನಮ್ಮವರಿಗೆ ಮಾಡಿದೆ, ಅವರೂ ಎತ್ತಲಿಲ್ಲ. ಏಳು ಗಂಟೆಯಿಂದ ಈಚೆಗೆ ಏನಾದರೂ ಆಯಿತಾ, ಇಷ್ಟು ಬೇಗ ಫ್ಲೆಕ್ಸು ಯಾರು ಹಾಕಿದರು, ನಿನ್ನೆ ಸಂಜೆಯೇ ಹೇಗೆ ಬಂತು? ಏನೂ ತೂಗಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾನು ದಿನಾ ಸ್ಕೂಲಿನ ಹತ್ತಿರದ ಸ್ಟಾಪಿನಲ್ಲೇ ಇಳಿಯುವವಳು, ಬಸ್‌ಸ್ಟ್ಯಾಂಡಿನ ಕಡೆ ಹೋಗಿಯೇ ಇರಲಿಲ್ಲ. ಇನ್ನೊಬ್ಬರಿಗೆ ಡ್ಯೂಟಿ ಒಪ್ಪಿಸಿ, ಆಟೊ ಹಿಡಿದು ಅಲ್ಲಿಗೆ ಹೋದೆ.

ಇತ್ತು. ಆಳೆತ್ತರದ ಫ್ಲೆಕ್ಸು. ಅದರ ತುಂಬ ಅಮ್ಮನ ಮುಖ, ಹಣೆ ತುಂಬ ವಿಭೂತಿ, ಮೇಲಿನ ಸಾಲಿನಲ್ಲಿ ಇಲ್ಲದ ಎರಡು ಹಲ್ಲು ಕಾಣುವಷ್ಟು ನಗು. ಸುತ್ತ ಮಲ್ಲಿಗೆ ಹೂವಿನ ಅಂಚು, ಅತ್ತ ಒಂದು ದೀಪ, ಇತ್ತ ಒಂದು ದೀಪ. ನಮ್ಮ ಕಡೆ ಯಾರಾದರೂ ಹಿರಿಯರು ಶಿವೈಕ್ಯರಾದರೆ ಮೂರನೇ ದಿನಕ್ಕೆ ಸರ್ಕಲಿನಲ್ಲಿ ನಿಲ್ಲುವ ಫ್ಲೆಕ್ಸು ಹೇಗಿರುತ್ತದೋ ಥೇಟು ಹಾಗೇ. ಕೆಳಗಿನ ಅಕ್ಷರ ಕಾಣದ ಹಾಗೆ ಎರಡು ಗೂಡ್ಸ್ ಆಟೊ ನಿಂತಿದ್ದವು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಹೆಂಗಸೊಬ್ಬಳು ಫ್ಲೆಕ್ಸಿಗೆ ಕೈ ಮುಗಿದು, "ಪುಣ್ಯಾತ್ಗಿತ್ತಿ, ನಗನಗ್ತಾನೇ ಓಗವ್ಳೆ" ಅಂದಳು.

ಆಟೊಗಳ ಸಂದಿಯಲ್ಲಿ ನುಗ್ಗಿ ಹೋಗಿ ಓದಿದೆ. "ಗಂಗಜ್ಜಿ ಹಪ್ಪಳ. ಮನೆಯ ರುಚಿ, ಅಜ್ಜಿಯ ಕೈ." ಕೆಳಗೆ ಒಂದು ಫೋನ್ ನಂಬರು. ಅದನ್ನು ಓದುವ ಅಗತ್ಯವೇ ಇರಲಿಲ್ಲ, ಸುನಂದನ ನಂಬರು ನನಗೆ ಬಾಯಿಪಾಠ. ಅಲ್ಲೇ ಗೂಡ್ಸ್ ಆಟೊಗೆ ಒರಗಿಕೊಂಡು ಅತ್ತುಬಿಟ್ಟೆ. ಅಮ್ಮ ಬದುಕಿದ್ದಾಳಲ್ಲ ಅಂತ ಅತ್ತೆ. ಅಳು ಮುಗಿಯುವ ಹೊತ್ತಿಗೆ ನೆತ್ತಿಗೆ ಕೋಪ ಏರಿತ್ತು. ಆ ಸೊಪ್ಪಿನವಳು ಪಾಪ, ಬುಟ್ಟಿ ಬಿಟ್ಟು ಬಂದು ನನ್ನ ಬೆನ್ನು ಸವರಿ, "ಸಮಾಧಾನ ಮಾಡ್ಕಳವ್ವ, ಎಲ್ರೂ ಓಗೋರೇ" ಅಂದಳು.

ಅಷ್ಟರಲ್ಲಿ ನಮ್ಮವರ ಫೋನು ಬಂತು. ಅವರಿಗೆ ಸತ್ಯಮಂಗಲದಲ್ಲೇ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ.

"ರೀ, ಅಮ್ಮ ಎಲ್ಲಿ?"

"ನೀನೆಲ್ಲಿದೀಯಾ ಈಗ?" ಅಂದರು.

"ನಿಮ್ಗೆ ಗೊತ್ತಿತ್ತಾ?"

"ಪುಷ್ಪಾ, ಸಂಜೆ ಕೂತು ಮಾತಾಡಣ ಕಣೆ" ಅಂದರು.

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಆ ಒಂದು ವಾಕ್ಯದಲ್ಲಿ ನನಗೆ ಎಲ್ಲ ಅರ್ಥವಾಯಿತು. ನಾನು ಬಸ್ಸು ಹತ್ತಿದ ಮೇಲೆ ಅಮ್ಮನನ್ನು ದಿನಾ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದವರು ಇವರೇ. ಮಧ್ಯಾಹ್ನ ವಾಪಸ್ ತಂದು ಬಿಡುತ್ತಿದ್ದವಳು ಸುನಂದ. ಆಮೇಲೆ ಒಂದೊಂದೇ ಹೊರಗೆ ಬಂತು. ಬೀದಿಗೆಲ್ಲ ಗೊತ್ತಿತ್ತು. ಹಾಲಿನವನಿಗೆ ಗೊತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದ ನನ್ನ ಮಗಳಿಗೂ ಗೊತ್ತಿತ್ತು. ಫೋಟೊಗೆ ಅಜ್ಜಿ ಯಾವ ಸೀರೆ ಉಡಬೇಕು ಅಂತ ವಿಡಿಯೊ ಕಾಲ್ ಮಾಡಿ ಆರಿಸಿಕೊಟ್ಟವಳೇ ಅವಳಂತೆ. ಮಠದ ಚೀಲ ಹೊತ್ತು ಹೊರಟ ಅಮ್ಮನಿಗೆ ಶರಣು ಶರಣು ಅಂತ ತಮಾಷೆ ಮಾಡುತ್ತಿದ್ದರಂತೆ ಎಲ್ಲರೂ. ನಾನೊಬ್ಬಳು ಬರುತ್ತಿದ್ದ ಹಾಗೆ ಬೀದಿಯ ಬಾಯಿಗೆ ಬೀಗ.

ಸತ್ಯಮಂಗಲದ ಆ ಶೆಡ್ಡಿಗೆ ನಾನು ಹೋದಾಗ ಹನ್ನೊಂದು ಗಂಟೆ. ಶೀಟಿನ ಛಾವಣಿ, ಒಳಗೆ ಬೆಂಕಿಯಂಥ ಸೆಕೆ. ಹೊರಗಿನಿಂದಲೇ ಅಮ್ಮನ ನಗು ಕೇಳಿಸಿತು. ಯಾರಿಗೋ ಏನೋ ಹೇಳಿ, ಅವರಿಗಿಂತ ಮೊದಲು ತಾನೇ ನಗುತ್ತಿದ್ದಳು. ನಡುವೆ ಕುರ್ಚಿ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹಿಟ್ಟಿನ ಮುದ್ದೆ ಹಿಡಿದು ಕೂತಿದ್ದಳು. ಸುತ್ತ ನಮ್ಮ ಬೀದಿಯ ಮುಖಗಳೇ. ನನ್ನನ್ನು ನೋಡಿದ್ದೇ ನಗು ನಿಂತಿತು.

"ಎಂಥ ಮನೆಹಾಳಿ ಕಣೇ ನೀನು" ಅಂದೆ ಸುನಂದನಿಗೆ. "ನಮ್ಮಮ್ಮನ್ನ ಕದ್ದು ತಂದು ಕೂಲಿಗೆ ಕೂರ್ಸಿದ್ದಲ್ದೆ, ಬದುಕಿರೋಳಿಗೆ ದೀಪ ಹಚ್ಚಿ ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ನಿಲ್ಸಿದೀಯಾ? ಊರೋರೆಲ್ಲ ನನ್ ಹತ್ರ ಬಂದು ದುಃಖ ಹೇಳ್ಕೋತಾವ್ರೆ!"

ಸುನಂದ ಎದ್ದು ಬಂದಳು. "ದೇವ್ರಾಣೆ ನಾನು ಹಾಕ್ಸಿದ್ದಲ್ಲ ಅಕ್ಕ. ನಮ್ ಹಪ್ಪಳ ತಗೊಳೋ ಗುಬ್ಬಿ ಅಂಗಡಿಯೋರು ಫೋಟೊ ಕಳ್ಸಿ ಅಂದ್ರು, ಕಳ್ಸಿದೆ. ಅವ್ರೇ ಪ್ರಿಂಟ್ ಹಾಕ್ಸವ್ರೆ. ವಯಸ್ಸಾದೋರ ಫೋಟೊ ಅಂದ್ರೆ ಆ ಫ್ಲೆಕ್ಸ್ ಅಂಗಡೀಲಿ ಇರೋದೇ ಆ ಡಿಸೈನಂತೆ. ನಂಗೂ ನಿನ್ನೆ ಗೊತ್ತಾಗಿದ್ದು."

"ಡಿಸೈನ್ ಬಿಡು. ಎರಡು ತಿಂಗ್ಳು ದಿನಾ ನನ್ ಮುಖ ನೋಡಿ ನಗ್ತಿದ್ಯಲ್ಲ, ಅದಕ್ಕೇನು ಹೇಳ್ತೀಯಾ?"

ಅವಳು ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಅಮ್ಮ. ಕುರ್ಚಿಯಿಂದ ಏಳಲಿಲ್ಲ, ದನಿ ಏರಿಸಲಿಲ್ಲ.

"ಅವಳನ್ನ ಯಾಕೆ ಬೈತೀಯ? ನಾನೇ ಕೇಳ್ಕೊಂಡ್ ಬಂದೆ. ಕೂಲಿ ಅಲ್ಲ ಕಣೆ ಇದು, ಮುಯ್ಯಾಳು. ಅನ್ನೆರಡು ವರ್ಷ ನಮ್ಮನೆಗೆ ಅವ್ಳು ಬಂದವ್ಳೆ. ಈಗ ಅವ್ಳ ಕೆಲ್ಸಕ್ಕೆ ನಾನು ಬರ್ದಿದ್ರೆ ಎಂಗೆ?" ಹಿಟ್ಟಿನ ಮುದ್ದೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. "ಇಲ್ಲಿ ಯಾರಾರ ಬಂದು ಇವ್ರು ಯಾರು ಅಂತ ಕೇಳಿದ್ರೆ, ಸುನಂದ ನನ್ನ ಎಸ್ರು ಹೇಳ್ತಾಳೆ."

ಸುತ್ತ ಕೂತವರಿಗೆ ಆ ಮಾತು ಅರ್ಥವಾಗಲಿಲ್ಲ. ನನಗೆ ಆಯಿತು. ಇಲ್ಲಿಯವರೆಗೆ ಬರೆಯದೆ ಮುಚ್ಚಿಟ್ಟಿದ್ದೆ, ಈಗ ಬರೆಯುತ್ತೇನೆ. ಅಮ್ಮ ಮೆಟ್ಟಿಲಲ್ಲಿ ಜಾರುವುದಕ್ಕೆ ವಾರದ ಮುಂಚೆ ನಮ್ಮ ಹೆಡ್‌ಮಾಸ್ಟರು ಹೆಂಡತಿಯ ಜೊತೆ ಮನೆಗೆ ಬಂದಿದ್ದರು. ಅಮ್ಮ ಮಹಡಿಯ ಮೇಲೆ ಹಳೇ ಸೀರೆ ಉಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ಹುಶ್ಯೋ ಹುಶ್ಯೋ ಅಂತ ಕಾಗೆ ಓಡಿಸುತ್ತಿದ್ದಳು. ಗೇಟಿನಲ್ಲಿ ಕಾಲಿಡುತ್ತಾ ಹೆಡ್‌ಮಾಸ್ಟರ ಹೆಂಡತಿ ಮೇಲೆ ನೋಡಿ, "ಯಾರು, ಕೆಲಸದವರಾ?" ಅಂದರು. ನಾನು ಹೂಂ ಅಂದುಬಿಟ್ಟೆ. ಯಾಕಂದೆನೋ ಗೊತ್ತಿಲ್ಲ. ಗೊತ್ತು, ನಾಚಿಕೆಯಾಯಿತು, ಅದಕ್ಕೇ ಅಂದೆ. ಆವತ್ತು ಅವರು ಹೋಗುವ ತನಕ ಅಮ್ಮ ಕೆಳಗೆ ಇಳಿದು ಬರಲಿಲ್ಲ. ಕೆಲಸವಿತ್ತು, ಅದಕ್ಕೆ ಬರಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ.

ಆ ಹೊತ್ತಿಗೆ ನಾನು ಸೋಲಬೇಕಿತ್ತು. ಸೋಲಲಿಲ್ಲ. ಒಂಬತ್ತು ಜನರ ಎದುರಿಗೆ ನನ್ನ ಮಾನ ಹೋಗಿತ್ತು, ಅದೊಂದೇ ಕಂಡಿದ್ದು ನನಗೆ. "ನಡಿ ಮನೆಗೆ" ಅಂದೆ. ಅಮ್ಮ ಎದ್ದು ನಲ್ಲಿಯಲ್ಲಿ ಕೈ ತೊಳೆದು, ಸೆರಗು ಬಿಚ್ಚಿ ಹೊದ್ದುಕೊಂಡು, ಚೀಲ ತೆಗೆದುಕೊಂಡಳು. ಬಾಗಿಲ ಹತ್ತಿರ ಹಿಂದೆ ತಿರುಗಿ, "ಸುನಂದ, ಇನ್ನು ನೀರು ಮುಟ್ಟಿಸ್ಬೇಡ. ಬರೀ ಕುಟ್ಸು" ಅಂದಳು. ಆಟೊದಲ್ಲಿ ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು.

ಸುನಂದ ಆ ಸಂಜೆಯೇ ಗುಬ್ಬಿಗೆ ಹೋಗಿ ಫ್ಲೆಕ್ಸು ಕೀಳಿಸಿದಳು. ಪ್ಯಾಕೆಟಿನ ಮೇಲಿದ್ದ ಅಮ್ಮನ ಫೋಟೊ ತೆಗೆಸಿ ಒಂದು ಕಮಲದ ಹೂವು ಹಾಕಿಸಿದಳು, ಹೆಸರೂ ಬದಲಾಯಿಸಿದಳು. ಮೂರು ಸಲ ಗೇಟಿನ ಹತ್ತಿರ ಬಂದು "ಅಕ್ಕಾ" ಅಂತ ಕರೆದಳು. ನಾನು ಟೀವಿ ಸೌಂಡು ಜಾಸ್ತಿ ಮಾಡಿದೆ. ನಮ್ಮವರು ಒಂದು ವಾರ ನನ್ನ ಕಣ್ಣು ತಪ್ಪಿಸಿ ಓಡಾಡಿ, ಕೊನೆಗೆ ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟರು.

"ನಿನ್ನ ಕೇಳಿದ್ರೆ ನೀನು ಬಿಡ್ತಿದ್ಯಾ?"

"ಕೇಳಿ ನೋಡಿದ್ರಾ?"

"ಅಮ್ಮ ಬೇಡ ಅಂದ್ರು. ಅವ್ಳ ಹತ್ರ ಕೇಳ್ಬೇಡಿ, ಕೇಳಿದ್ರೆ ಮುಗೀತು ಅಂದ್ರು."

ಅವರ ಮೇಲಿನ ಕೋಪ ಇಳಿಯಿತು, ಒಂದೇ ಮನೆಯಲ್ಲಿ ಎಷ್ಟು ದಿನ ಅಂತ ಮುಖ ಊದಿಸಿಕೊಂಡಿರಲು ಸಾಧ್ಯ? ನೋವು ಇಳಿಯಲಿಲ್ಲ. ಸುಳ್ಳು ದೊಡ್ಡದೋ ಚಿಕ್ಕದೋ ಅದು ಬೇರೆ ಮಾತು. ನನಗೆ ತಿಳಿಯಬಾರದು ಅಂತ ನನ್ನವರೆಲ್ಲ ಒಂದಾಗಿ, ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಖುಷಿಯಿಂದ ಎರಡು ತಿಂಗಳು ನಡೆಸಿದರಲ್ಲ, ಅದು ಇವತ್ತಿಗೂ ಎದೆಯಲ್ಲಿ ಕುಟುಕುತ್ತದೆ. ನನ್ನ ತಪ್ಪು ಎಷ್ಟಾದರೂ ಇರಲಿ, ಅವರು ಮಾಡಿದ್ದು ಮೋಸವೇ. ಸುನಂದ ನನ್ನ ಕೈ ಹಿಡಿದು, ಅಕ್ಕ, ಅಮ್ಮ ಹೀಗೆ ನೊಂದುಕೊಂಡಿದ್ದಾರೆ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆಸ್ಪತ್ರೆ ಬೆಂಚಿನ ಮೇಲೆ ಮೂರು ದಿನ ಕೂತವಳಿಗೆ ಅಷ್ಟು ಸಲಿಗೆ ಇರಲಿಲ್ಲವೇ?

ಈಗ ಸೂಪರ್ ಮಾರ್ಕೆಟ್ಟಿಗೆ ಹೋದರೆ ನಾನು ಕಪಾಟುಗಳ ಮುಂದೆ ಸುಮ್ಮನೆ ನಿಲ್ಲುತ್ತೇನೆ. ಉಪ್ಪಿನಕಾಯಿಯ ಬಾಟಲಿಯ ಮೇಲೆ ಅಜ್ಜಿ, ತುಪ್ಪದ ಡಬ್ಬಿಯ ಮೇಲೆ ಅಜ್ಜಿ, ಸಾರಿನ ಪುಡಿಯ ಮೇಲೆ ಮೂಗುತಿ ಹಾಕಿದ ಅಜ್ಜಿ. ನಮಗೆಲ್ಲ ಅಜ್ಜಿ ಕೈರುಚಿ ಬೇಕು. ಅಜ್ಜಿ ಮಾತ್ರ ಟವೆಲ್ ಸುತ್ತಿಕೊಂಡು ನಮ್ಮ ಮಹಡಿಯ ಮೇಲೆ ಕಾಣಬಾರದು, ಹೆಡ್‌ಮಾಸ್ಟರ ಹೆಂಡತಿ ಬಂದಾಗ ಕೂಗಬಾರದು. ಇದನ್ನು ಬೇರೆಯವರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ನನ್ನ ಬುಟ್ಟಿಯಲ್ಲೂ ಅಂಥ ಎರಡು ಪ್ಯಾಕೆಟು ಇರುತ್ತವೆ.

ಅಮ್ಮ ಮನೆಗೆ ಬಂದ ಮಾರನೇ ದಿನದಿಂದ ಒಂದು ಹೊಸ ಅಭ್ಯಾಸ ಶುರುವಾಯಿತು. ಬೆಳಗ್ಗೆ ನಾನು ಜಡೆ ಹಾಕಿಕೊಳ್ಳುತ್ತಿದ್ದೆ, ಬಾಗಿಲಲ್ಲಿ ನಿಂತು ಕೇಳಿದಳು. "ಪುಷ್ಪಾ, ಒರ್ಗಡೆ ಕಟ್ಟೆ ಮೇಲೆ ಕೂತ್ಕಳ್ಲಾ?"

"ಇದೇನಮ್ಮ ಕೇಳೋದು? ಕೂತ್ಕೋ."

ಮಧ್ಯಾಹ್ನ ಫೋನು ಮಾಡಿದಳು. ಟೀ ಕಾಯಿಸಿಕೊಳ್ಳಲಾ ಅಂತ. ಸಂಜೆ, ಹೂವಿನವಳ ಹತ್ತಿರ ಒಂದು ಮೊಳ ಹೂವು ತೆಗೆದುಕೊಳ್ಳಲಾ ಅಂತ. ಚುಚ್ಚಿ ಮಾತಾಡುತ್ತಿದ್ದಾಳೆ ಅಂದುಕೊಂಡು ನಾನೂ ಒಂದೆರಡು ದಿನ ಸಿಡುಕಿದೆ. ಅವಳ ದನಿಯಲ್ಲಿ ಚುಚ್ಚುವ ಲಕ್ಷಣವೇ ಇರಲಿಲ್ಲ. ನಮ್ಮ ಸ್ಕೂಲಿನ ಹುಡುಗಿಯರು ನೀರು ಕುಡಿದು ಬರ್ಲಾ ಮಿಸ್ ಅಂತ ಕೇಳುತ್ತಾರಲ್ಲ, ಹಾಗೆ ಕೇಳುತ್ತಿದ್ದಳು. ಅಳಿಯನ ಹತ್ತಿರ ಕೇಳುತ್ತಿರಲಿಲ್ಲ, ಮೊಮ್ಮಗಳ ಹತ್ತಿರ ಕೇಳುತ್ತಿರಲಿಲ್ಲ. ನನ್ನೊಬ್ಬಳನ್ನೇ ಕೇಳುತ್ತಿದ್ದಳು. ಹೀಗೆಲ್ಲ ಕೇಳಬೇಡಮ್ಮ ಅಂತ ಒಂದು ದಿನ ಅತ್ತುಕೊಂಡು ಹೇಳಿದೆ. ಆಯ್ತು ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಫ್ಯಾನ್ ಹಾಕ್ಕೊಳ್ಲಾ ಅಂದಳು.

ಕುಣಿಗಲ್ಲಿನ ಮದುವೆಯಿಂದ ಬಂದ ದಿನ ಅಮ್ಮ ನಡುಮನೆಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಸೀರೆಯನ್ನೂ ಬದಲಾಯಿಸದೆ ಅವಳ ಎದುರಿಗೆ ಹೋಗಿ ಕೂತೆ.

"ಮದ್ವೆಮನೇಲಿ ಹಪ್ಪಳ ಹಾಕಿದ್ರಮ್ಮ. ಸುನಂದಂದು. ನಿನ್ನ ಹದಾನೇ."

ಅಮ್ಮನ ಕೈ ಒಂದು ಕ್ಷಣ ನಿಂತಿತು. "ಒಗರು ಬಂದಿತ್ತಾ?"

"ಬಂದಿತ್ತು."

"ಕಲ್ತವ್ಳೆ ಅಂಗಾದ್ರೆ" ಅಂದಳು. ಮುಖದಲ್ಲಿ ಏನೋ ಬಂದು ಹೋಯಿತು. ನನ್ನ ರಿಸಲ್ಟು ಬಂದಾಗಲೂ, ಕೆಲಸ ಸಿಕ್ಕಾಗಲೂ ನಾನು ಆ ಮುಖದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಹೊಟ್ಟೆ ಉರಿಯಿತು ನನಗೆ, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆವತ್ತು ಆಡಿದೆ. "ಅಮ್ಮ, ನಿಂಗೆ ಇಷ್ಟ ಇದ್ರೆ ಹೋಗು. ನಾಳೆಯಿಂದ್ಲೇ ಹೋಗು. ನಾನೇ ಸುನಂದನ ಹತ್ರ ಮಾತಾಡ್ತೀನಿ. ನಾನೇ ಬಿಟ್ಟು ಬರ್ತೀನಿ."

ಅಮ್ಮ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನನ್ನ ಬಗ್ಗೆ ಅಯ್ಯೋ ಅನ್ನಿಸಿದ ಹಾಗಿತ್ತು. ನಾರು ತೆಗೆದ ಕಾಯಿಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಬ್ಯಾಡ ಬುಡು ಮಗ. ಈಗ ಓದ್ರೆ ನೀನು ಕಳ್ಸಿದ್ದು ಅಂತಾಯ್ತದೆ. ಆಗ ನಾನಾಗೇ ಓಯ್ತಿದ್ದೆ. ಅದು ಚೆಂದಾಗಿತ್ತು."

ಅಮ್ಮ ನೆಲಕ್ಕೆ ಕೈಯೂರಿ ಎದ್ದು, ನಾರನ್ನೆಲ್ಲ ಪೇಪರಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಕೋಣೆಯ ಬಾಗಿಲ ತನಕ ಹೋದವಳು ನಿಂತಳು.

"ಸೊಂಟ ನೋಯ್ತದೆ ಪುಷ್ಪಾ. ವಸಿ ಮಲೀಕಳ್ಲಾ?"

ಹೂಂ ಅಂದೆ.